ಧಾರವಾಡದಿಂದ ಟ್ಯೂಬಿಂಗನ್‌ಗೆ: ನೆಕ್ಕರ್ ದಂಡೆಯ ಮೊದಲ ವಾರ

ಮೊದಲ ವರ್ಷದ ಓದು ಮುಗಿಸಿ ರಜೆಗೆ ಊರಿಗೆ ಬಂದಿದ್ದೇನೆ. ಬಂದಾಗಿನಿಂದ ಜೂನಿಯರ್‌ಗಳ ಫೋನ್ ನಿಂತಿಲ್ಲ. ವೀಸಾ ಹೇಗೆ, ಫೀಸ್ ಎಷ್ಟು, ಕೆಲಸ ಸಿಗುತ್ತಾ ಎಂದು ಕೇಳುತ್ತಾರೆ. ಅದೆಲ್ಲ ಎಲ್ಲಿ ಬೇಕಾದರೂ ಸಿಗುವ ಮಾಹಿತಿ. ಆದರೆ ಎರಡು ಸೂಟ್‌ಕೇಸ್ ಹಿಡಿದು ಪರದೇಶದ ಊರಲ್ಲಿ ಇಳಿದ ಮೊದಲ ವಾರ ಹೇಗಿರುತ್ತದೆ ಎಂದು ಯಾರೂ ಕೇಳುವುದಿಲ್ಲ. ನಾನು ಬರೆಯಬೇಕು ಅಂದುಕೊಂಡದ್ದು ಅದನ್ನೇ.

ನಾನು ಓದುತ್ತಿರುವುದು ಜರ್ಮನಿಯ ಟ್ಯೂಬಿಂಗನ್‌ನಲ್ಲಿ. ಸ್ಟುಟ್‌ಗಾರ್ಟ್‌ನಿಂದ ದಕ್ಷಿಣಕ್ಕೆ, ನೆಕ್ಕರ್ ನದಿಯ ದಂಡೆಯ ಮೇಲಿರುವ ಸಣ್ಣ ಊರು. ಜನಸಂಖ್ಯೆ ಸುಮಾರು 90 ಸಾವಿರ, ಅದರಲ್ಲಿ ವಿದ್ಯಾರ್ಥಿಗಳದ್ದೇ ದೊಡ್ಡ ಪಾಲು. ಅಲ್ಲಿನ ವಿಶ್ವವಿದ್ಯಾಲಯ ಶುರುವಾದದ್ದು 1477ರಲ್ಲಿ. ಅಂದರೆ ಕೃಷ್ಣದೇವರಾಯ ಪಟ್ಟಕ್ಕೆ ಬರುವುದಕ್ಕಿಂತ ಮೂವತ್ತೆರಡು ವರ್ಷ ಮೊದಲು. ನನ್ನ ವಿಷಯ ಅಂತರ್ಜಲ. ನವಲಗುಂದ ತಾಲ್ಲೂಕಿನ ಎರೆಮಣ್ಣಿನ ಊರಲ್ಲಿ ಹುಟ್ಟಿದವರಿಗೆ ಈ ವಿಷಯ ಯಾಕೆ ಎಂದು ವಿವರಿಸಬೇಕಿಲ್ಲ. ಬೋರ್ ಕೊರೆಸಿದರೆ ಉಪ್ಪು ನೀರು. ಕುಡಿಯಲು ಕೆರೆಯ ನೀರೇ ಗತಿ.

ಬುಧವಾರ, ಅಕ್ಟೋಬರ್ 1

ಅಂದು ಆಯುಧ ಪೂಜೆ. ಅವ್ವ ಟ್ರ್ಯಾಕ್ಟರ್, ಕುಡಗೋಲು, ಹೊಲಿಗೆ ಮಷಿನ್ ಜೊತೆಗೆ ನನ್ನ ಎರಡೂ ಸೂಟ್‌ಕೇಸ್‌ಗಳಿಗೆ ಕುಂಕುಮ ಹಚ್ಚಿ ಚೆಂಡುಹೂವು ಇಟ್ಟಳು. ಮರುದಿನದ ಬನ್ನಿಯನ್ನು ಮನೆಯವರೆಲ್ಲ ನನಗಾಗಿ ಒಂದು ದಿನ ಮುಂಚೆಯೇ ಕೊಟ್ಟರು. "ಬನ್ನಿ ತಗೊಂಡು ಬಂಗಾರದ್ಹಂಗ ಇರೋಣ" ಎಂದು ಅಜ್ಜ ಹೇಳುವಾಗ ಧ್ವನಿ ನಡುಗುತ್ತಿತ್ತು.

ಸೂಟ್‌ಕೇಸ್‌ನಲ್ಲಿ ಧಾರವಾಡ ಪೇಢಾ ಇರಲಿಲ್ಲ. ಯುರೋಪಿನ ಒಕ್ಕೂಟಕ್ಕೆ ನಮ್ಮ ಕಡೆಯಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಸಿಕ್ಕರೆ ತೆಗೆದು ಎಸೆಯುತ್ತಾರೆ. ಅದರ ಜಾಗದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಪುಡಿ ತುಂಬಿದೆವು. ಈ ರೊಟ್ಟಿಗಳು ಮುಂದೆ ನನ್ನನ್ನು ಎಷ್ಟು ಕಾಪಾಡಿದವು ಎಂದು ಹೇಳುತ್ತೇನೆ. ಧಾರವಾಡದಿಂದ ಬೆಂಗಳೂರಿಗೆ ರೈಲು, ನಡುರಾತ್ರಿ ಕಳೆದ ಮೇಲೆ ಫ್ರಾಂಕ್‌ಫರ್ಟ್‌ಗೆ ವಿಮಾನ.

ಗುರುವಾರ

ಫ್ರಾಂಕ್‌ಫರ್ಟ್‌ನಲ್ಲಿ ಇಳಿದಾಗ ಬೆಳಗ್ಗೆ. ವೀಸಾ ನೋಡುವ ಅಧಿಕಾರಿ ಪ್ರವೇಶ ಪತ್ರ, ವಿಮೆ, ಬ್ಯಾಂಕಿನ ಕಾಗದ ಕೇಳಿದರು. ಈ ಬ್ಯಾಂಕಿನ ಕಾಗದ ಎಂದರೆ ಒಂದು ವರ್ಷದ ಖರ್ಚಿಗೆ ಮೊದಲೇ ಕಟ್ಟಿಟ್ಟ 11,904 ಯೂರೋಗಳ ಲೆಕ್ಕ. ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ತೆಗೆಯಬಹುದು. ಈ ಕಾಗದಗಳೆಲ್ಲ ಕೈಚೀಲದಲ್ಲೇ ಇರಲಿ. ನನ್ನ ಮುಂದಿದ್ದ ಹುಡುಗಿ ಅವನ್ನು ಚೆಕ್-ಇನ್ ಬ್ಯಾಗಿಗೆ ಹಾಕಿ ಅಲ್ಲೇ ಅಳುತ್ತಾ ನಿಂತಿದ್ದಳು. ಆಮೇಲೆ ಫೋನಿನಲ್ಲಿದ್ದ ಪ್ರತಿ ತೋರಿಸಿ ದಾಟಿದಳು.

ವಿಮಾನ ನಿಲ್ದಾಣದ ಕೆಳಗೇ ರೈಲು ಸಿಗುತ್ತದೆ. ಸ್ಟುಟ್‌ಗಾರ್ಟ್‌ಗೆ ಒಂದು ಕಾಲು ಗಂಟೆ ಹಿಡಿಯಬೇಕಿತ್ತು. ಮ್ಯಾನ್‌ಹೈಮ್ ಹತ್ತಿರ ರೈಲು ನಿಂತುಬಿಟ್ಟಿತು. ಯಾಕೆ ಎಂದು ಜರ್ಮನ್‌ನಲ್ಲಿ ಏನೋ ಹೇಳಿದರು. ಬೋಗಿಯಲ್ಲಿ ಯಾರೂ ಕೂಗಾಡಲಿಲ್ಲ. ಒಬ್ಬರು ಸ್ವೆಟರ್ ಹೆಣೆಯುವುದನ್ನು ಮುಂದುವರಿಸಿದರು, ಇನ್ನೊಬ್ಬರು ಸೇಬು ಕತ್ತರಿಸಿ ತಿಂದರು. ನನಗೆ ಮಾತ್ರ ಎದೆ ಡವಡವ. ಹಾಸ್ಟೆಲ್‌ನ ಬೀಗದ ಕೈ ಕೊಡುವ ಕಚೇರಿ ಮಧ್ಯಾಹ್ನವೇ ಮುಚ್ಚುತ್ತದೆ ಎಂದು ಮೇಲ್‌ನಲ್ಲಿ ಬರೆದಿತ್ತು.

ಸ್ಟುಟ್‌ಗಾರ್ಟ್‌ನಲ್ಲಿ 2010ರಿಂದ ನೆಲದಡಿಯ ಹೊಸ ನಿಲ್ದಾಣ ಕಟ್ಟುತ್ತಿದ್ದಾರೆ. ಹಾಗಾಗಿ ಪ್ಲಾಟ್‌ಫಾರ್ಮ್‌ನಿಂದ ಹೊರಗೆ ಬರಲು ಬೇಲಿಗಳ ನಡುವೆ ತುಂಬಾ ದೂರ ನಡೆಯಬೇಕು. ಆ ನಡಿಗೆಯಲ್ಲೇ ದೊಡ್ಡ ಸೂಟ್‌ಕೇಸ್‌ನ ಒಂದು ಚಕ್ರ ಕಳಚಿತು. ಟ್ಯೂಬಿಂಗನ್ ರೈಲಿಗೆ ಅದನ್ನು ಎಳೆದುಕೊಂಡೇ ಹತ್ತಿದೆ.

ಎದುರು ಸೀಟಿನಲ್ಲಿ ಎಪ್ಪತ್ತು ದಾಟಿದ ಹಿರಿಯರು ಕೂತಿದ್ದರು. ಸೂಟ್‌ಕೇಸ್ ನೋಡಿದರು, ನನ್ನ ಮುಖ ನೋಡಿದರು, ಒಂದು ಮಾತೂ ಆಡದೆ ತಮ್ಮ ಚೀಲದಿಂದ ಸೈಕಲ್ಲಿಗೆ ಸಾಮಾನು ಬಿಗಿಯುವ ಪಟ್ಟಿಯೊಂದನ್ನು ತೆಗೆದು ಚಕ್ರವನ್ನು ಬಿಗಿದು ಕಟ್ಟಿದರು. ಅದಾದ ಮೇಲೆ ಮಾತು ಶುರುವಾಯಿತು. ರಾಯಿಟ್ಲಿಂಗನ್‌ನ ಬಾಷ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. "ಬೆಂಗಳೂರು? ಆಡುಗೋಡಿ!" ಎಂದು ಅವರ ಕಣ್ಣು ಅರಳಿತು. ಎಂಬತ್ತರ ದಶಕದಲ್ಲಿ ಅಲ್ಲಿನ, ಬಾಷ್‌ಗೇ ಸೇರಿದ ಮೈಕೋ ಕಾರ್ಖಾನೆಗೆ ಮೂರು ತಿಂಗಳು ಬಂದಿದ್ದರಂತೆ. ಅಲ್ಲಿ ತಿಂದ ಮಸಾಲೆ ದೋಸೆಯ ಬಣ್ಣವನ್ನೂ ಹೇಳಿದರು.

ರೈಲು ನೆಕ್ಕರ್ ಪಕ್ಕದಲ್ಲೇ ಸಾಗುತ್ತದೆ. ಎಡಕ್ಕೆ ಗುಡ್ಡಗಳ ಮೇಲೆ ಸಾಲುಸಾಲಾಗಿ ದ್ರಾಕ್ಷಿ ತೋಟ. ಎಸ್ಲಿಂಗನ್ ನಿಲ್ದಾಣ ಬಂದಾಗ ನಾನು ಎದ್ದು ನಿಂತು ನೋಡಿದೆ. 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ ತೀರಿಕೊಂಡದ್ದು ಈ ಊರಲ್ಲಿ, 1881ರಲ್ಲಿ. ಅವರು ಓದಿದ್ದು ನಾನು ಹೋಗುತ್ತಿದ್ದ ಟ್ಯೂಬಿಂಗನ್‌ನಲ್ಲೇ. ಹಿರಿಯರಿಗೆ ಇದನ್ನು ಹೇಳಿದೆ. ಅವರಿಗೆ ಗೊತ್ತಿರಲಿಲ್ಲ. ಹೆಸರನ್ನು ಜೇಬಿನ ಪುಸ್ತಕದಲ್ಲಿ ಬರೆದುಕೊಂಡು ರಾಯಿಟ್ಲಿಂಗನ್‌ನಲ್ಲಿ ಇಳಿದರು. ಪಟ್ಟಿ ವಾಪಸ್ ತೆಗೆದುಕೊಳ್ಳಲಿಲ್ಲ.

ಟ್ಯೂಬಿಂಗನ್ ಮುಟ್ಟಿದಾಗ ಕಚೇರಿ ಮುಚ್ಚಿ ಎರಡು ಗಂಟೆಯಾಗಿತ್ತು. ಮರುದಿನ ಅಕ್ಟೋಬರ್ 3, ಎರಡು ಜರ್ಮನಿಗಳು 1990ರಲ್ಲಿ ಒಂದಾದ ದಿನ, ದೇಶಕ್ಕೆಲ್ಲ ರಜೆ. ಆಮೇಲೆ ಶನಿವಾರ, ಭಾನುವಾರ. ಬೀಗದ ಕೈ ಸಿಗುವುದು ಸೋಮವಾರವೇ. ನೀವು ಹೋಗುವುದಾದರೆ ಅಲ್ಲಿಯ ರಜಾದಿನಗಳನ್ನು ನೋಡಿ, ವಾರದ ಮೊದಲರ್ಧದಲ್ಲಿ ಊರು ಸೇರುವ ಹಾಗೆ ಟಿಕೆಟ್ ಮಾಡಿಸಿ. ರೈಲಿಗೆ ಎರಡು ಗಂಟೆ ಹೆಚ್ಚುವರಿ ಇಟ್ಟುಕೊಳ್ಳಿ.

ಬಸ್ಸಿನಲ್ಲಿ ಗುಡ್ಡ ಹತ್ತಿ ವಾಲ್ಡ್‌ಹೊಯ್ಸರ್ ಓಸ್ಟ್ ಎಂಬ ಕಡೆ ಇಳಿದೆ. ವಿದ್ಯಾರ್ಥಿಗಳ ಹಾಸ್ಟೆಲ್‌ಗಳೆಲ್ಲ ಅಲ್ಲೇ, ಕಾಡಿನ ಅಂಚಿನಲ್ಲಿ. ಸಣ್ಣಗೆ ಮಳೆ. ಒಂಬತ್ತು ಡಿಗ್ರಿ ಚಳಿ. ನನ್ನ ಕಟ್ಟಡದ ಬಾಗಿಲ ಮುಂದೆ ನಿಂತಿದ್ದಾಗ ಒಬ್ಬ ಹುಡುಗ ಕಸದ ಚೀಲ ಹಿಡಿದು ಹೊರಬಂದ. ಕೇಳಿಬಿಟ್ಟೆ: "ನನ್ನ ರೂಮಿನ ಕೀ ಸೋಮವಾರ ಸಿಗುತ್ತೆ. ಅಲ್ಲಿವರೆಗೆ ಎಲ್ಲಿ ಉಳಿಯಬಹುದು?" ಅವನು ಕಸ ಹಾಕಿ ಬಂದು ಸಣ್ಣ ಸೂಟ್‌ಕೇಸ್ ಎತ್ತಿಕೊಂಡ. "ನಮ್ಮ ಅಡುಗೆಮನೆಗೆ ಬಾ" ಎಂದ. ಕಣ್ಣೂರು ಜಿಲ್ಲೆಯವನು, ತಲಶ್ಶೇರಿ ಊರು, ಮೆದುಳಿನ ವಿಜ್ಞಾನ ಓದುತ್ತಿದ್ದ. ಆ ರಾತ್ರಿ ಅವನ ರೂಮಿನ ನೆಲದ ಮೇಲೆ ಹಾಸಿಗೆ. ರೊಟ್ಟಿ-ಚಟ್ನಿ ನನ್ನದು, ಹಾಲಿಲ್ಲದ ಬಿಸಿ ಕಟ್ಟನ್ ಚಾಯ ಅವನದು.

ಮನೆಗೆ ಫೋನ್ ಮಾಡಿದರೆ ಅವ್ವನದು ಒಂದೇ ಪ್ರಶ್ನೆ. "ಊಟ ಆತೇನು?"

ಶುಕ್ರವಾರ

ಏಳೂವರೆಯಾದರೂ ಸೂರ್ಯ ಸರಿಯಾಗಿ ಬಂದಿರಲಿಲ್ಲ. ಕಿಟಕಿಯಾಚೆ ಮಂಜು. ಊರು ಎಲ್ಲಿದೆ ಎಂದೇ ಕಾಣುತ್ತಿರಲಿಲ್ಲ, ಚರ್ಚಿನ ಗಂಟೆಯ ಸದ್ದು ಮಾತ್ರ ಕೆಳಗಿನಿಂದ ಬರುತ್ತಿತ್ತು.

ಅಂಗಡಿಗಳೆಲ್ಲ ಬಂದ್. ಬೇಕರಿಯೊಂದು ಬೆಳಗಿನ ಕೆಲವು ಗಂಟೆ ತೆರೆದಿತ್ತು. ಅಲ್ಲಿ ಮೊದಲ ಬ್ರೆಟ್ಸೆಲ್ ತಿಂದೆ, ಗಂಟಿನ ಹಾಗೆ ತಿರುಚಿ ಸುಟ್ಟ ಬ್ರೆಡ್. ಈ ಕಡೆಯ ಬ್ರೆಟ್ಸೆಲ್‌ನ ಕೆಳಭಾಗ ದಪ್ಪ, ಮೆತ್ತಗೆ. ಅದರಲ್ಲಿ ಅಡ್ಡಕ್ಕೆ ಒಂದು ಸೀಳು. ಮೇಲಿನ ತೋಳುಗಳು ತೆಳ್ಳಗೆ, ಗರಿಗರಿ. ದಪ್ಪ ಉಪ್ಪಿನ ಹರಳು ಅಲ್ಲಲ್ಲಿ. ನಡುವೆ ಸೀಳಿ ಬೆಣ್ಣೆ ಹಚ್ಚಿ ಕೊಡುತ್ತಾರೆ. ಬಿಸಿ ಇರುವಾಗ ತಿಂದರೆ ಬೇರೆ ತಿಂಡಿಯೇ ಬೇಡ ಅನಿಸುತ್ತದೆ. ಶುದ್ಧ ಸಸ್ಯಾಹಾರಿಗಳು ಮಾತ್ರ ಕೇಳಿಯೇ ತಗೊಳ್ಳಿ, ಕೆಲವು ಕಡೆ ಹಿಟ್ಟಿಗೆ ಹಂದಿಯ ಕೊಬ್ಬು ಹಾಕುವ ಹಳೆಯ ಪದ್ಧತಿ ಇದೆ.

ಕಾಫಿಗೆ ಐವತ್ತು ಸೆಂಟ್ ಜಾಸ್ತಿ ಹಾಕಿದರು. ಯಾಕೆ ಎಂದು ಕೇಳಿದೆ. ಕೌಂಟರಿನ ಹೆಂಗಸು ತಾಳ್ಮೆಯಿಂದ ಹೇಳಿದರು: ಒಮ್ಮೆ ಬಳಸಿ ಎಸೆಯುವ ಲೋಟಕ್ಕೆ ಈ ಊರಿನ ನಗರಸಭೆ 2022ರಿಂದ ತೆರಿಗೆ ಹಾಕಿದೆ. ಅದರ ವಿರುದ್ಧ ಕೇಸು ನಡೆದು, 2025ರ ಜನವರಿಯಲ್ಲಿ ದೇಶದ ಸಂವಿಧಾನ ನ್ಯಾಯಾಲಯವೂ ತೆರಿಗೆ ಸರಿ ಎಂದಿತು. "ನಿಮ್ಮದೇ ಲೋಟ ತಂದರೆ ಐವತ್ತು ಸೆಂಟ್ ಉಳಿಯುತ್ತೆ" ಎಂದರು. ಅವತ್ತಿನಿಂದ ನನ್ನ ಚೀಲದಲ್ಲಿ ಮನೆಯ ಸ್ಟೀಲ್ ಲೋಟ. ನಗರಸಭೆಯೊಂದು ಕಸದ ವಿಷಯದಲ್ಲಿ ಇಷ್ಟು ಗಟ್ಟಿಯಾಗಿ ನಿಲ್ಲುವುದು ನೋಡಿ ಖುಷಿಯಾಯಿತು. ಹುಬ್ಬಳ್ಳಿ-ಧಾರವಾಡದಲ್ಲೂ ಇದು ಆಗಬೇಕು.

ನಾನೂ ತಲಶ್ಶೇರಿಯ ಗೆಳೆಯನೂ ಗುಡ್ಡದಿಂದ ಊರಿಗೆ ನಡೆದೇ ಇಳಿದೆವು. ಮರಗಳ ನಡುವೆ ದಾರಿ, ಕಾಲಡಿ ಒದ್ದೆ ಎಲೆ. ಹಳೇ ಊರಿನ ಬೀದಿಗಳಿಗೆಲ್ಲ ಕಲ್ಲು ಹಾಸಿದ್ದಾರೆ. ಮರದ ತೊಲೆಗಳು ಹೊರಗೇ ಕಾಣುವ ಮನೆಗಳು ಎರಡೂ ಕಡೆಯಿಂದ ಬೀದಿಯ ಮೇಲೆ ಬಾಗಿ ನಿಂತಿವೆ. ಎರಡನೇ ಮಹಾಯುದ್ಧದಲ್ಲಿ ಸ್ಟುಟ್‌ಗಾರ್ಟ್ ನೆಲಸಮವಾದರೂ ಈ ಊರು ಹೆಚ್ಚಿನ ಪೆಟ್ಟಿಲ್ಲದೆ ಉಳಿಯಿತು. ಚೌಕದಲ್ಲಿರುವ ಪುರಭವನದ ನೆತ್ತಿಯ ಖಗೋಳ ಗಡಿಯಾರ 1511ರದ್ದು. ಚಂದ್ರನ ಸ್ಥಿತಿಯನ್ನೂ, ಗ್ರಹಣವನ್ನೂ ತೋರಿಸುತ್ತದೆ.

ನೆಕ್ಕರ್ ಸೇತುವೆಯ ಮೇಲೆ ನಿಂತಾಗ ಮಂಜು ಮೆಲ್ಲಗೆ ಸರಿಯಿತು. ನೀರಿನ ಅಂಚಿಗೆ ಹಳದಿ, ಗುಲಾಬಿ, ಹಸಿರು ಬಣ್ಣದ ಮನೆಗಳ ಸಾಲು. ಹಿಂದೆ ಚರ್ಚಿನ ಗೋಪುರ. ನದಿ ನಡುವಿನ ಉದ್ದನೆಯ ದ್ವೀಪದ ತುಂಬ ಪ್ಲೇನ್ ಎಂಬ ಜಾತಿಯ ಹಳೆಯ ಮರಗಳು, ಎಲೆಗಳೆಲ್ಲ ಕಂದು. ಉದ್ದ ಕೋಲು ಊರಿ ನಡೆಸುವ ಚಪ್ಪಟೆ ದೋಣಿಗಳನ್ನು ದಂಡೆಗೆ ಕಟ್ಟಿದ್ದರು. ಜೂನ್‌ನಲ್ಲಿ ಇವುಗಳ ಪಂದ್ಯ ನಡೆಯುತ್ತದೆ, ಸೋತ ತಂಡದವರು ಮೀನಿನ ಎಣ್ಣೆ ಕುಡಿಯಬೇಕು. ಈ ವರ್ಷ ಅದನ್ನೂ ನೋಡಿದೆ.

ಹಳದಿ ಗೋಪುರದ ಮುಂದೆ ಗೆಳೆಯ ನಿಂತ. ಕವಿ ಹ್ಯೋಲ್ಡರ್ಲಿನ್ ಬದುಕಿದ್ದ ಮನೆ. ಮನಸ್ಸಿನ ಕಾಯಿಲೆಗೆ ಬಿದ್ದ ಕವಿಗೆ ಇನ್ನು ಮೂರು ವರ್ಷವೂ ಆಯುಷ್ಯವಿಲ್ಲ ಎಂದು ಆಸ್ಪತ್ರೆಯವರು ಕೈಬಿಟ್ಟರು. ಆಗ ಎರ್ನ್ಸ್ಟ್ ಜಿಮ್ಮರ್ ಎಂಬ ಬಡಗಿ ಅವರನ್ನು ತನ್ನ ಮನೆಗೆ ಕರೆತಂದ. ಕವಿಯ ಬರಹ ಓದಿ ಮೆಚ್ಚಿದ್ದ, ಅಷ್ಟೇ ಸಂಬಂಧ. 1807ರಿಂದ 1843ರವರೆಗೆ, ಸಾಯುವ ತನಕ, ಕವಿ ಅಲ್ಲೇ ಇದ್ದರು. ಬಡಗಿ ತೀರಿಕೊಂಡ ಮೇಲೆ ಅವನ ಮಗಳು ನೋಡಿಕೊಂಡಳು. ಓದುಗನೊಬ್ಬ ಕವಿಯನ್ನು ಹೀಗೆ ಸಾಕಿದ್ದು ನನ್ನ ಮನಸ್ಸಿನಲ್ಲಿ ಬಹಳ ಹೊತ್ತು ಉಳಿಯಿತು. ಹಿಂದಿನ ರಾತ್ರಿ ಗುರುತಿಲ್ಲದವನ ರೂಮಿನಲ್ಲಿ ಮಲಗಿದ್ದೆನಲ್ಲ, ಅದಕ್ಕೂ ಇರಬಹುದು.

ಶನಿವಾರ

ಅಂಗಡಿ ತೆರೆದವು. ಊರಿಗೆ ಊರೇ ಅಲ್ಲಿತ್ತು, ಯಾಕೆಂದರೆ ಭಾನುವಾರ ಮತ್ತೆ ಮುಚ್ಚುತ್ತವೆ. ಬಿಲ್ ಮಾಡುವ ವೇಗ ನೋಡಿ ಗಾಬರಿಯಾಗುತ್ತದೆ. ಸಾಮಾನು ಒಂದರ ಹಿಂದೊಂದು ಉರುಳಿ ಬರುತ್ತವೆ, ನೀವೇ ಚೀಲಕ್ಕೆ ತುಂಬಿಕೊಳ್ಳಬೇಕು. ಚೀಲ ಮನೆಯಿಂದಲೇ ಒಯ್ಯಿರಿ. ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಇರುತ್ತದೆ. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಅದನ್ನು ಬಿಲ್‌ನಲ್ಲಿ ಕಳೆಯುತ್ತಾರೆ. ನಲ್ಲಿ ನೀರನ್ನೇ ಧೈರ್ಯವಾಗಿ ಕುಡಿಯಬಹುದು. ಸ್ಟುಟ್‌ಗಾರ್ಟ್ ಸುತ್ತಲಿನ ಲಕ್ಷಾಂತರ ಜನರಿಗೆ ದಕ್ಷಿಣದ ಬೋಡನ್‌ಸೀ ಸರೋವರದಿಂದ ನೂರಾರು ಕಿಲೋಮೀಟರ್ ಪೈಪಿನಲ್ಲಿ ನೀರು ಬರುತ್ತದೆ. ಸರೋವರದಿಂದ ನಲ್ಲಿಯವರೆಗೆ ಆ ನೀರನ್ನು ಕಾಯುವ ರೀತಿಯನ್ನು ನಾನು ಆಮೇಲೆ ತರಗತಿಯಲ್ಲಿ ಕಲಿತೆ.

ಏಷ್ಯಾದ ಸಾಮಾನಿನ ಅಂಗಡಿಯಲ್ಲಿ ತೊಗರಿಬೇಳೆ, ಸಾಸಿವೆ, ಕರಿಬೇವು ಎಲ್ಲ ಸಿಕ್ಕವು. ಕರಿಬೇವು ಮಾತ್ರ ಹತ್ತು ಕಡ್ಡಿಗೆ ಚಿನ್ನದ ಬೆಲೆ. ಬಿತ್ತಲು ಜೋಳ ಒಯ್ಯದಿದ್ದರೂ ತಿನ್ನಲು ಜೋಳದ ಹಿಟ್ಟು ಒಂದೆರಡು ಕಿಲೋ ಒಯ್ಯಿರಿ. ಜೋಳದ ಹಿಟ್ಟು ಅಲ್ಲಿ ಹುಡುಕುವುದು ಕಷ್ಟ.

ಸಂಜೆ ಮಹಡಿಯ ಅಡುಗೆಮನೆಯಲ್ಲಿ ಎಲ್ಲರೂ ಸೇರಿದರು. ಜರ್ಮನಿಯವರು, ಒಬ್ಬ ಘಾನಾದವನು, ಒಬ್ಬಳು ಕೊಲಂಬಿಯಾದವಳು. ನನ್ನ ಖಡಕ್ ರೊಟ್ಟಿ ತಟ್ಟೆ ತುಂಬ ಇಟ್ಟೆ. ಉತ್ತರ ಜರ್ಮನಿಯ ಹುಡುಗಿ ಒಂದು ಚೂರು ಮುರಿದು, ನಾಲಿಗೆಯ ಮೇಲಿಟ್ಟು, ಇದು ಏನು ಧಾನ್ಯ, ಹೇಗೆ ಬಡಿಯುತ್ತೀರಿ, ಎಷ್ಟು ದಿನ ಕೆಡುವುದಿಲ್ಲ ಎಂದು ಒಂದೊಂದಾಗಿ ಕೇಳಿದಳು. ನಾನು ಅಂಗೈಯಲ್ಲಿ ತಟ್ಟಿ ತೋರಿಸಿದೆ. ಅಗಸಿ ಚಟ್ನಿಗೆ ಬೆಣ್ಣೆ ಸೇರಿಸಿ ತಿನ್ನುವ ಉಪಾಯ ಅವಳದ್ದು. ಈಗ ನಾನೂ ಹಾಗೇ ತಿನ್ನುತ್ತೇನೆ.

ಜರ್ಮನ್ನರು ಮಾತಾಡುವುದಿಲ್ಲ, ಬಿಗುಮಾನ ಜಾಸ್ತಿ ಎಂದು ಹೋಗುವ ಮುಂಚೆ ಎಷ್ಟೋ ಜನ ಹೇಳಿದ್ದರು. ನನ್ನ ಅನುಭವ ಬೇರೆ. ತಾವಾಗಿ ಬಂದು ಮಾತಾಡಿಸುವವರು ಕಡಿಮೆ, ಅದು ನಿಜ. ನಿಮ್ಮ ಹೊತ್ತನ್ನು ಕೆಡಿಸಬಾರದು ಎಂಬ ಎಚ್ಚರ ಅವರಿಗೆ. ಆದರೆ ಒಂದು ಪ್ರಶ್ನೆ ಕೇಳಿನೋಡಿ. ಕೈಲಿದ್ದ ಕೆಲಸ ಬಿಟ್ಟು ಪೂರ್ತಿ ಉತ್ತರ ಕೊಡುತ್ತಾರೆ.

ಭಾನುವಾರ

ಭಾನುವಾರದ ಮೌನಕ್ಕೆ ಒಗ್ಗಿಕೊಳ್ಳಲು ಸಮಯ ಬೇಕು. ಅಂದು ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಗಾಜಿನ ಬಾಟಲಿಯನ್ನು ಕಸದ ತೊಟ್ಟಿಗೆ ಹಾಕಿ ಸದ್ದು ಮಾಡುವಂತಿಲ್ಲ. ನವಲಗುಂದದ ಬೀದಿಯಲ್ಲಿ ಬೆಳೆದ ಕಿವಿಗೆ ಮಧ್ಯಾಹ್ನದ ಹೊತ್ತಿಗೆ ಊರ ನೆನಪು ಉಕ್ಕಿ ಬಂತು. ರೂಮಿನಲ್ಲಿ ಕೂರುವುದು ಬೇಡ ಎಂದು ಕೋಟೆಗೆ ಹೋದೆ. ಮ್ಯೂಸಿಯಂ ಭಾನುವಾರವೂ ತೆರೆದಿರುತ್ತದೆ.

ಹೋಹೆನ್‌ಟ್ಯೂಬಿಂಗನ್ ಕೋಟೆ ಈಗ ವಿಶ್ವವಿದ್ಯಾಲಯದ್ದೇ. ಕತ್ತಲ ಕೋಣೆಯೊಂದರಲ್ಲಿ, ಗಾಜಿನೊಳಗೆ, ಒಂದು ಪುಟ್ಟ ಕುದುರೆ ಇದೆ. ಉದ್ದ ಐದು ಸೆಂಟಿಮೀಟರ್‌ಗೂ ಕಡಿಮೆ. ಮ್ಯಾಮತ್ ಆನೆಯ ದಂತದಲ್ಲಿ ಕೆತ್ತಿದ್ದು. ಹತ್ತಿರದ ಶ್ವೇಬಿಯನ್ ಬೆಟ್ಟಗಳ ಫೋಗಲ್‌ಹೆರ್ಡ್ ಗುಹೆಯಲ್ಲಿ 1931ರಲ್ಲಿ ಸಿಕ್ಕಿತು. ಮೂವತ್ತೈದು ಸಾವಿರ ವರ್ಷಕ್ಕೂ ಹಳೆಯದು. ಕಾಲುಗಳು ಮುರಿದಿವೆ. ಆದರೆ ಕುತ್ತಿಗೆ ನೋಡಬೇಕು. ಎತ್ತಿ, ಬಾಗಿಸಿ, ಮುಂದೆ ಚಾಚಿದ ಆ ಒಂದು ಬಳುಕಿನಲ್ಲಿ ಕುದುರೆಯ ಸೊಕ್ಕೆಲ್ಲ ಇದೆ. ದಂತ ನಯವಾಗಿ ಹೊಳೆಯುತ್ತದೆ, ಎಷ್ಟೋ ಕೈಗಳು ಸವರಿದ ಹಾಗೆ. ಆ ಚಳಿಯಲ್ಲಿ ಗುಹೆಯೊಳಗೆ ಕೂತು ಒಬ್ಬರು ಇದನ್ನು ಕೆತ್ತಿದರಲ್ಲ! ಗಾಜಿಗೆ ಮೂಗು ತಾಗಿಸಿ ನಿಂತಿದ್ದೆ. ಕಾವಲಿನವರು ಬಂದು ಬೈಯುತ್ತಾರೆ ಅಂದುಕೊಂಡರೆ, ಈ ಬದಿಯಿಂದ ನೋಡಿ, ಬೆಳಕು ಚೆನ್ನಾಗಿ ಬೀಳುತ್ತೆ ಎಂದು ಜಾಗ ತೋರಿಸಿದರು.

ಅದೇ ಕೋಟೆಯ ಹಳೆಯ ಅಡುಗೆಮನೆಯಲ್ಲಿ ಒಂದು ಕಾಲಕ್ಕೆ ಪ್ರಯೋಗಾಲಯವಿತ್ತು. 1869ರಲ್ಲಿ ಫ್ರೀಡ್ರಿಶ್ ಮೀಶರ್ ಎಂಬ ಸ್ವಿಸ್ ಯುವಕ ಆಸ್ಪತ್ರೆಯ ಬ್ಯಾಂಡೇಜುಗಳ ಕೀವಿನಿಂದ ಜೀವಕೋಶ ಬೇರ್ಪಡಿಸಿ, ಅದರ ಕೇಂದ್ರದಲ್ಲಿ ಯಾರೂ ಕಾಣದ ವಸ್ತುವೊಂದನ್ನು ಪತ್ತೆ ಮಾಡಿದ. ಇವತ್ತು ನಾವು ಡಿಎನ್‌ಎ ಅನ್ನುವುದು ಅದನ್ನೇ. ಕಮಾನು ಚಾವಣಿಯ, ದಪ್ಪ ಗೋಡೆಯ ತಂಪು ಕೋಣೆ. ಆಗ ಅವನಿಗೆ ಇಪ್ಪತ್ನಾಲ್ಕೋ ಇಪ್ಪತ್ತೈದೋ, ಹೆಚ್ಚು ಕಡಿಮೆ ನನ್ನದೇ ವಯಸ್ಸು.

ಸೋಮವಾರ

ಕೊನೆಗೂ ಕೀ ಸಿಕ್ಕಿತು. ರೂಮು ಸಣ್ಣದು, ಕಿಟಕಿ ದೊಡ್ಡದು. ನೆಕ್ಕರ್ ಆಚೆಯ ಬೆಟ್ಟದ ಸಾಲು ಕಾಣುತ್ತದೆ.

ಉಳಿದದ್ದೆಲ್ಲ ಕಾಗದದ ಕೆಲಸ. ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಮನೆ ಕೊಟ್ಟವರ ಸಹಿಯ ಚೀಟಿ ಇಲ್ಲದೆ ಅದು ಆಗುವುದಿಲ್ಲ, ಕೀ ಪಡೆಯುವಾಗಲೇ ಅದನ್ನೂ ಕೇಳಿ ಪಡೆಯಿರಿ. ವಿಳಾಸದ ಕಾಗದ ಬಂದರೆ ಬ್ಯಾಂಕ್, ವಿಮೆ, ವಾಸದ ಪರವಾನಗಿ ಎಲ್ಲಕ್ಕೂ ದಾರಿ ತೆರೆಯುತ್ತದೆ. ಜರ್ಮನಿಯಲ್ಲಿ ಓದು ಪೂರ್ತಿ ಉಚಿತ ಎಂದು ನಮ್ಮ ಕಡೆ ನಂಬಿದ್ದಾರೆ. ಆದರೆ ಈ ರಾಜ್ಯದಲ್ಲಿ, ಅಂದರೆ ಬಾಡನ್-ವ್ಯುರ್ಟೆಂಬರ್ಗ್‌ನಲ್ಲಿ, ಯುರೋಪ್ ಒಕ್ಕೂಟದ ಹೊರಗಿನವರು 2017ರಿಂದ ಸೆಮಿಸ್ಟರ್‌ಗೆ 1,500 ಯೂರೋ ಕಟ್ಟಬೇಕು. ಮನೆಯಲ್ಲಿ ಸಾಲದ ಲೆಕ್ಕ ಹಾಕುವಾಗ ಇದನ್ನು ಮರೆಯಬೇಡಿ.

ಮಧ್ಯಾಹ್ನ ಮೋರ್ಗನ್‌ಷ್ಟೆಲ್ಲೆ ಗುಡ್ಡದ ಮೆನ್ಸಾದಲ್ಲಿ ಊಟ. ವಿದ್ಯಾರ್ಥಿಗಳ ಊಟದ ಮನೆಗೆ ಅಲ್ಲಿ ಮೆನ್ಸಾ ಅನ್ನುತ್ತಾರೆ. ಅಂದು ಬೇಳೆ ಮತ್ತು ಶ್ಪೆಟ್ಸ್ಲೆ. ಶ್ಪೆಟ್ಸ್ಲೆ ಎಂದರೆ ಹಿಟ್ಟನ್ನು ಕುದಿಯುವ ನೀರಿಗೆ ಉದುರಿಸಿ ಬೇಯಿಸಿದ್ದು. ಮೊಟ್ಟೆ ಇರುತ್ತದೆ. ಜೊತೆಗೆ ಕೊಡುವ ಸಾಸೇಜ್ ಬೇಡ ಎಂದೆ. ಮಸಾಲೆ ಇಲ್ಲದ, ವಿನೆಗರ್ ಹುಳಿಯ ಬೇಳೆ. ಎರಡನೇ ಚಮಚಕ್ಕೆ ರುಚಿ ಹತ್ತಿತು. ಎದುರು ಕೂತ ಕೃಷಿಕರ ಮಗ ಈ ಬೇಳೆಯ ಕಥೆ ಹೇಳಿದ. ಶ್ವೇಬಿಯನ್ ಬೆಟ್ಟದ ಬಡ ಕಲ್ಲು ನೆಲದಲ್ಲಿ ಹಿಂದೆ ಬೇಳೆ ಬೆಳೆಯುತ್ತಿದ್ದರು. ಲಾಭವಿಲ್ಲ ಎಂದು ಬಿಟ್ಟರು, ಬೀಜವೇ ಕಳೆದುಹೋಯಿತು. 2006ರಲ್ಲಿ ಆ ಹಳೇ ತಳಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ವಾವಿಲೋವ್ ಬೀಜ ಭಂಡಾರದಲ್ಲಿ ಸಿಕ್ಕಿತು. ಹಿಡಿಯಷ್ಟು ಬೀಜ ತಂದು, ವರ್ಷ ವರ್ಷ ಹೆಚ್ಚಿಸಿ, ಈಗ ಮತ್ತೆ ಹೊಲ ತುಂಬಿಸಿದ್ದಾರೆ. ನಮ್ಮ ಕಡೆ ಕಳೆದುಹೋದ ಜೋಳದ ತಳಿಗಳ ಬಗ್ಗೆ ಅಜ್ಜ ಹೇಳುತ್ತಿದ್ದದ್ದನ್ನು ನಾನು ಅವನಿಗೆ ಹೇಳಿದೆ. ಊಟ ಮುಗಿದರೂ ಮಾತು ಮುಗಿಯಲಿಲ್ಲ.

ಮಂಗಳವಾರ, ಬುಧವಾರ

ಧಾರವಾಡದಲ್ಲಿ ಓದಿದವರಿಗೆಲ್ಲ ಕಿಟ್ಟೆಲ್ ಕಾಲೇಜು ಗೊತ್ತು. ಮೂರು ವರ್ಷ ಅದರ ಮುಂದೆ ಓಡಾಡಿದ್ದೇನೆ. ಫರ್ಡಿನಂಡ್ ಕಿಟ್ಟೆಲ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಟ್ಯೂಬಿಂಗನ್‌ನಲ್ಲಿ, 1903ರಲ್ಲಿ ತೀರಿಕೊಂಡದ್ದೂ ಅಲ್ಲೇ. 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ನಾನು ಸೇರಿದ ಇದೇ ವಿಶ್ವವಿದ್ಯಾಲಯ. ಅವರ ನಿಘಂಟನ್ನು ಈ ಊರಲ್ಲೇ ಕೂತು ನೋಡಬೇಕು ಎಂದು ಹೊರಡುವ ಮುಂಚೆಯೇ ನಿಶ್ಚಯಿಸಿದ್ದೆ.

ವಿಲ್‌ಹೆಲ್ಮ್ ಬೀದಿಯ ಗ್ರಂಥಾಲಯಕ್ಕೆ ಮಂಗಳವಾರ ಹೋದೆ. ಹಳೆಯ ಪುಸ್ತಕ ಕಪಾಟಿನಲ್ಲಿ ಕೈಗೆ ಸಿಗುವುದಿಲ್ಲ. ಹೆಸರು ಕೊಟ್ಟು ತರಿಸಬೇಕು, ಓದುವ ಕೋಣೆಯಲ್ಲೇ ನೋಡಬೇಕು, ಪೆನ್ ಒಯ್ಯುವಂತಿಲ್ಲ, ಪೆನ್ಸಿಲ್ ಮಾತ್ರ. ಬುಧವಾರ ಬೆಳಗ್ಗೆ ಮೆತ್ತನೆಯ ಆಸರೆಯ ಮೇಲೆ ಪುಸ್ತಕ ಇಟ್ಟುಕೊಟ್ಟರು.

1894, ಮಂಗಳೂರು, ಬಾಸೆಲ್ ಮಿಷನ್. ಸಾವಿರದ ಏಳುನೂರಕ್ಕೂ ಹೆಚ್ಚು ಪುಟ, ಸುಮಾರು 70 ಸಾವಿರ ಪದ. ಅಂಚು ಕಂದಿದೆ. ಕಾಗದದ ಮೇಲೆ ಬೆರಳಾಡಿಸಿದರೆ ಅಚ್ಚಿನ ಮೊಳೆ ಒತ್ತಿದ ಗುರುತು ಸಿಗುತ್ತದೆ. ಸಣ್ಣ ಸಣ್ಣ ಕನ್ನಡ ಅಕ್ಷರ, ಒತ್ತಕ್ಷರವೂ ಒಂದಿಷ್ಟು ಮಸುಕಾಗಿಲ್ಲ. ಪದದ ಪಕ್ಕ ತಮಿಳು, ತೆಲುಗು, ಮಲಯಾಳ, ತುಳುವಿನ ನೆಂಟ ಪದಗಳು. ಹಳೆಗನ್ನಡದ ಸಾಲು ಒಂದು ಕಡೆ, ನಮ್ಮಜ್ಜಿ ದಿನಾ ಆಡುವ ಗಾದೆ ಇನ್ನೊಂದು ಕಡೆ, ಒಂದೇ ಪುಟದಲ್ಲಿ. ಆ ಗಾದೆಗಳನ್ನು ಅವರಿಗೆ ಯಾರೋ ಹೇಳಿಕೊಟ್ಟಿರಬೇಕಲ್ವಾ? ಮಂಗಳೂರಿನಲ್ಲೋ ಹುಬ್ಬಳ್ಳಿ-ಧಾರವಾಡದಲ್ಲೋ ಮಡಿಕೇರಿಯಲ್ಲೋ ಯಾರದೋ ಮನೆ ಕಟ್ಟೆಯ ಮೇಲೆ ಕೂತು ಕೇಳಿ ಬರೆದುಕೊಂಡಿರಬೇಕು. 1853ರಲ್ಲಿ ನಮ್ಮ ನಾಡಿಗೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ವಿಮಾನ ಇರಲಿಲ್ಲ, ಮನೆಗೆ ಫೋನ್ ಇರಲಿಲ್ಲ. ಜನ ಹೇಳಿಕೊಟ್ಟರು, ಅವರು ಕಲಿತರು. ನನಗೆ ಆ ವಾರ ಪಟ್ಟಿ ಕಟ್ಟಿಕೊಟ್ಟವರು, ಹಾಸಿಗೆ ಕೊಟ್ಟವನು, ಬೆಳಕಿನ ಬದಿ ತೋರಿಸಿದವರು ಎಲ್ಲರೂ ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದರು.

ಗೆಳೆಯನನ್ನೂ ಕರೆದುಕೊಂಡು ಹೋಗಿದ್ದೆ. ಅವನ ಊರಿನ ಹೆಮ್ಮೆಯೂ ಇದೇ ಗ್ರಂಥಾಲಯದಲ್ಲಿದೆ. ಇಲ್ಲಿ ಓದಿ, ತಲಶ್ಶೇರಿಯಲ್ಲಿ ನೆಲೆಸಿ, 1872ರಲ್ಲಿ ಮಲಯಾಳ ನಿಘಂಟು ತಂದ ಹರ್ಮನ್ ಗುಂಡರ್ಟ್ ಅವರ ಕಾಗದಪತ್ರಗಳು ಟ್ಯೂಬಿಂಗನ್ ಸೇರಿವೆ. ಆ ಸಂಗ್ರಹದ ಹಸ್ತಪ್ರತಿಗಳನ್ನೂ ಹಳೇ ಪುಸ್ತಕಗಳನ್ನೂ ಗ್ರಂಥಾಲಯದವರು ಸ್ಕ್ಯಾನ್ ಮಾಡಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದ್ದಾರೆ. ಅದರಲ್ಲಿ ಕನ್ನಡದ ಪುಸ್ತಕಗಳೂ ಇವೆ. ಗುಂಡರ್ಟ್ ಅವರ ಮೊಮ್ಮಗ ಕಾದಂಬರಿಕಾರ ಹರ್ಮನ್ ಹೆಸ್ಸೆ. ಹುಡುಗನಾಗಿದ್ದಾಗ ಹೆಸ್ಸೆ ಇದೇ ಊರಿನ ಪುಸ್ತಕದಂಗಡಿಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದರು. ಹೊರಗೆ ಬಂದು ಆ ಅಂಗಡಿಯನ್ನೂ ನೋಡಿದೆವು. ಸುಮ್ನೆ ಒಳಗೆ ಹೋಗಿ, ಎರಡು ಯೂರೋದ ಹಳೇ ನಕ್ಷೆಯ ಕಾರ್ಡ್ ಕೊಂಡೆ.

ಮುಂದಿನ ವಾರ

ಅಕ್ಟೋಬರ್ ಮಧ್ಯದಲ್ಲಿ ಪಾಠ ಶುರುವಾಯಿತು. ಮೊದಲ ಹೊರಸಂಚಾರ ಊರ ಪಕ್ಕದ ಅಮ್ಮರ್ ಕಣಿವೆಗೆ. ಅಮ್ಮರ್ ನಮ್ಮ ಕಡೆಯ ಹಳ್ಳದಷ್ಟೇ ಅಗಲದ ಹೊಳೆ. ಸುತ್ತ ಕೊಯ್ದ ಹೊಲ, ಮುರಿದ ಮೆಕ್ಕೆಜೋಳದ ಕೂಳೆ. ಬೂಟಿಗೆಲ್ಲ ಮಣ್ಣು. ಮಣ್ಣು ಕಪ್ಪಗಿತ್ತು, ನೋಡಿದ ಕೂಡಲೇ ಬಗ್ಗಿ ಮುಟ್ಟಿದೆ. ಎರೆಮಣ್ಣಿನಷ್ಟು ಜಿಗುಟಿರಲಿಲ್ಲ.

ಅಳತೆ ಬಾವಿಗೆ ಟೇಪಿನ ತುದಿಯ ಗುಂಡು ಇಳಿಸಬೇಕು, ನೀರು ತಾಗಿದರೆ ಅದು ಬೀಪ್ ಅನ್ನುತ್ತದೆ. ನಾನು ಇಳಿಸಿದ ಬಾವಿಯಲ್ಲಿ ಎರಡು ಮೀಟರ್ ಆಗುವ ಮುಂಚೆಯೇ ಸದ್ದು ಬಂತು. ನಂಬಿಕೆಯಾಗದೆ ಮತ್ತೆ ಇಳಿಸಿದೆ. ಪ್ರೊಫೆಸರ್ ಪಕ್ಕಕ್ಕೆ ಬಂದು, ನಿಮ್ಮೂರಲ್ಲಿ ಎಷ್ಟು ಆಳ ಎಂದು ಕೇಳಿದರು. ಆಳದ ಜೊತೆಗೆ ಉಪ್ಪಿನ ವಿಷಯವೂ ಹೇಳಿದೆ. ಕೆರೆಗೆ ಮಲಪ್ರಭೆಯ ಕಾಲುವೆ ನೀರು ಬಿಡುವುದನ್ನು, ಅದನ್ನೇ ಊರು ವರ್ಷವಿಡೀ ಕುಡಿಯುವುದನ್ನು, ಬೇಸಿಗೆಯ ಕೊನೆಗೆ ತಳ ಕಾಣುವುದನ್ನು ಹೇಳಿದೆ. ಅವರು ಕೈಗವಸು ತೆಗೆದು ಎಲ್ಲ ಬರೆದುಕೊಂಡರು. ಉಪ್ಪು ಮಣ್ಣಿನಿಂದ ಬರುತ್ತಿದೆಯೋ, ಕೆಳಗಿನ ಕಲ್ಲಿನಿಂದಲೋ, ನೀರಾವರಿಯಿಂದಲೋ, ಯಾರಾದರೂ ಬಾವಿ ಬಾವಿ ಅಳೆದಿದ್ದಾರಾ ಎಂದು ಕೇಳಿದರು. ಜನವರಿಯ ಸೆಮಿನಾರ್‌ಗೆ ನವಲಗುಂದದ ನೀರನ್ನೇ ವಿಷಯ ಮಾಡಿಕೊಳ್ಳಿ ಎಂದರು.

ಆ ಸೆಮಿನಾರ್ ಆಯಿತು. ಈಗ ಪ್ರಬಂಧಕ್ಕೂ ಅದೇ ವಿಷಯ. ಈ ರಜೆಯಲ್ಲಿ ಊರ ಸುತ್ತಲಿನ ಬಾವಿಗಳ ನೀರನ್ನು ಬಾಟಲಿಗೆ ತುಂಬಿ, ಮೇಲೆ ಊರಿನ ಹೆಸರು, ತಾರೀಕು ಬರೆದು ಇಡುತ್ತಿದ್ದೇನೆ. ಅಣ್ಣಿಗೇರಿ ಕಡೆಯವು ಇನ್ನೂ ಬಾಕಿ ಇವೆ. ಆ ಭಾಗದಲ್ಲಿ ಹಳೆಯ ತೆರೆದ ಬಾವಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ, ಸೈಕಲ್ ಹೊಡೆದುಕೊಂಡು ಬರುತ್ತೇನೆ.